ಒಂದೇ ನಂಬರಿಗೆ ಇಬ್ಬರು ಬಂದರು

ಫೋನ್ ರಿಂಗಾದ ಕೂಡಲೇ ನನ್ನ ಬಾಯಿಂದ ಬೀಳುವ ಮೊದಲ ಮಾತು, "ಹಾಳಾದ್ದು, ಶುರುವಾಯ್ತು." ಆಮೇಲೆ ರಿಸೀವರ್ ಎತ್ತಿ, ದನಿಗೆ ಒಂದಿಷ್ಟು ಬೆಣ್ಣೆ ಹಚ್ಚಿ, "ಹೀಟ್ ಪಂಪ್ ರಿಪೇರಿ, ಗುನ್ವರ್ ಮಾತಾಡ್ತಿರೋದು" ಎನ್ನುತ್ತೇನೆ. ಲಿಕ್‌ಸೆಲೆ ಊರಿನಲ್ಲಿ ನಡುಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪ್ ನಿಂತುಹೋದರೆ ಜನ ದೇವರಿಗಿಂತ ಮೊದಲು ನನ್ನನ್ನು ಕರೆಯುತ್ತಾರೆ. ಹೊರಗೆ ಮೈನಸ್ ಮೂವತ್ತು ಇರುವಾಗ ದೇವರ ಹತ್ತಿರ ವ್ಯಾನೂ ಇಲ್ಲ, ಸ್ಪ್ಯಾನರೂ ಇಲ್ಲ.

ಇಂಥ ಫೋನಿಗೆ ಹೋದ ಶರತ್ಕಾಲದಲ್ಲಿ ಸಂಚಕಾರ ಬಂತು. ನಿಮ್ಮ ಬೀದಿಯ ತಾಮ್ರದ ತಂತಿಗಳನ್ನೆಲ್ಲ ಕೀಳುತ್ತಿದ್ದೇವೆ, ಜನವರಿ ಕಳೆದ ಮೇಲೆ ಹಳೆಯ ಫೋನ್ ಕೆಲಸ ಮಾಡುವುದಿಲ್ಲ, ಹೊಸದನ್ನು ಯಾರಿಂದ ಹಾಕಿಸಿಕೊಳ್ಳುತ್ತೀರೋ ನೀವೇ ನೋಡಿಕೊಳ್ಳಿ ಎಂದು ಟೆಲಿಫೋನಿನವರು ತಿಳಿಸಿದರು. ಸರಿ, ನೋಡಿಕೊಳ್ಳೋಣ. ಒಬ್ಬ ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ ಇದು. ಆದರೆ ನಮ್ಮ ಯಜಮಾನ ಸಿಕ್ಸ್‌ಟೆನ್ ಎಂಥವನೆಂದರೆ, ಮೇಜು ಗುದ್ದಬೇಕಾಗಿ ಬಂದರೆ ಮೊದಲು ಮೇಜಿನ ಕ್ಷಮೆ ಕೇಳುವವನು. ಅಪ್ಪ ಕಟ್ಟಿದ ಕಂಪನಿ, ಮಗನ ಕೈಗೆ ಬಂದಿದೆ. ಐವತ್ತು ದಾಟಿದ ಮನುಷ್ಯ, ಯಾರಿಗಾದರೂ "ಬೇಡ" ಎಂದಿದ್ದನ್ನು ನಾನು ಕೇಳಿಲ್ಲ.

"ಎಲ್ರೂ ಸೇರಿ ಮಾತಾಡೋಣ" ಎಂದ. "ಎಲ್ರಿಗೂ ಒಪ್ಪಿಗೆ ಆಗೋದನ್ನೇ ತಗೊಳ್ಳೋಣ."

ಎಲ್ಲರೂ ಎಂದರೆ ನಾಲ್ಕು ಜನ. ಸಿಕ್ಸ್‌ಟೆನ್, ನಾನು, ವ್ಯಾನಿನಲ್ಲಿ ಮನೆಮನೆ ತಿರುಗಿ ರಿಪೇರಿ ಮಾಡುವ ಹಿಲ್ಡಿಂಗ್, ಮತ್ತೆ ಕಂಪ್ಯೂಟರಿನ ಮುಂದೆ ಕೂತು ಹೊಸ ಪಂಪುಗಳ ಲೆಕ್ಕಾಚಾರ ನೋಡುವ ತೂವಾ. ತೂವಾ ಚುರುಕಿನ ಹುಡುಗಿ, ಒಳ್ಳೆಯವಳೇ, ಆದರೆ ಯಾವ ಹಳೆಯ ವಸ್ತುವನ್ನು ಕಂಡರೂ ಅದಕ್ಕೆ ಕಾಯಿಲೆಯಾಗಿದೆಯೇನೋ ಎಂಬಂತೆ ನೋಡುತ್ತಾಳೆ. ಈ ನಾಲ್ಕು ಜನ ದಿನಾ ಒಂಬತ್ತೂವರೆಗೆ ಕಾಫಿಗೆ ಕೂರುತ್ತೇವೆ. ಏಲಕ್ಕಿ ಬನ್ನು ತಿನ್ನುತ್ತೇವೆ. ಅಕ್ಟೋಬರಿನಿಂದ ಆ ಕಾಫಿ ಮೇಜಿನ ಮೇಲೆ ಫೋನಿನ ವಿಷಯವೂ ಬಂದು ಕೂತಿತು. ಬನ್ನು ಖಾಲಿಯಾಗುತ್ತಿತ್ತು, ವಿಷಯ ಖಾಲಿಯಾಗುತ್ತಿರಲಿಲ್ಲ.

ಹೊಸ ಫೋನ್ ಮಾರುವವರಲ್ಲಿ ಇಬ್ಬರು ಕೊನೆಗೆ ಉಳಿದರು. ಮೊದಲು ಬಂದವನು ಸ್ಟಾಕ್‌ಹೋಮಿನ ಫಾಬಿಯಾನ್. ತೆಳ್ಳನೆಯ ಬೂಟು ಹಾಕಿಕೊಂಡು ನಮ್ಮ ಹಿಮದಲ್ಲಿ ಬಾತುಕೋಳಿಯಂತೆ ನಡೆದು ಬಂದ. ಒಳಗೆ ಕಾಲಿಟ್ಟವನೇ ನನ್ನ ಕೈ ಕುಲುಕಿ, "ನೀವೇ ಅಲ್ವಾ ಫೋನ್ ನೋಡ್ಕೊಳ್ಳೋದು? ನಿಮ್ಮ ಅಭಿಪ್ರಾಯ ನಮಗೆ ತುಂಬಾ ಮುಖ್ಯ" ಎಂದ.

ಈ ಊರಿನಲ್ಲಿ ಯಜಮಾನನಿಗೂ ಪಾದ್ರಿಗೂ ಏಕವಚನವೇ. ನಾನು ಹಿಂದಕ್ಕೆ ತಿರುಗಿ ನೋಡಿದೆ. "ನೀವು ಅಂತ ಯಾರಿಗೆ ಹೇಳ್ತಿದ್ದೀಯಪ್ಪ? ನನ್ನ ಹಿಂದೆ ಇನ್ನೂ ನಾಲ್ಕು ಜನ ನಿಂತಿದ್ದಾರಾ?"

ಹಿಲ್ಡಿಂಗ್ ಕಾಫಿ ಲೋಟದೊಳಗೆ ನಕ್ಕ. ಫಾಬಿಯಾನ್ ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ, ಲ್ಯಾಪ್‌ಟಾಪ್ ತೆಗೆದು ಗೋಡೆಗೆ ಚಿತ್ರ ಬಿಟ್ಟ. ಅವನ ಯಂತ್ರಕ್ಕೆ ಮನುಷ್ಯರೇ ಬೇಡ. ಯಾರಾದರೂ ಫೋನ್ ಮಾಡಿದರೆ ಹೆಣ್ಣಿನ ದನಿಯೊಂದು ತಾನೇ ಮಾತಾಡಿ, ಸಮಸ್ಯೆ ಕೇಳಿಕೊಂಡು, ನೇರವಾಗಿ ಹಿಲ್ಡಿಂಗನ ಮೊಬೈಲಿಗೆ ಕಳಿಸುತ್ತದೆ. ಅದಕ್ಕೆ ನಿದ್ದೆ ಇಲ್ಲ, ರಜೆ ಇಲ್ಲ, ಸಿಡುಕೂ ಇಲ್ಲ. ಕೊನೆಯ ಮಾತು ಹೇಳುವಾಗ ನನ್ನ ಕಡೆ ನೋಡಿದನೋ ಇಲ್ಲವೋ, ನನಗಂತೂ ಹಾಗನ್ನಿಸಿತು.

"ಬಾ, ನೀನೇ ಪರೀಕ್ಷೆ ಮಾಡು" ಎಂದು ಸಿಕ್ಸ್‌ಟೆನ್ ಕೈಗೆ ಫಾಬಿಯಾನ್ ಫೋನ್ ಕೊಟ್ಟ.

"ನಿಮ್ಮ ಮನೆಯ ಪಂಪ್ ನಿಂತಿದೆಯೆ? ನಿಂತಿದ್ದರೆ ಹೌದು ಎನ್ನಿ" ಎಂದಿತು ಯಂತ್ರ.

ನಮ್ಮ ಕಡೆ ಹೌದು ಎನ್ನಲು ಯಾರೂ ಬಾಯಿ ಬಿಡುವುದಿಲ್ಲ. ತುಟಿ ಮುಂದೆ ಚಾಚಿ ಸರ್ರನೆ ಒಂದಿಷ್ಟು ಗಾಳಿ ಒಳಗೆಳೆದುಕೊಂಡರೆ ಆಯಿತು, ಕೇಳಿದವನಿಗೆ ತಿಳಿಯುತ್ತದೆ. ಸಿಕ್ಸ್‌ಟೆನ್ ಹಾಗೆಯೇ ಗಾಳಿ ಎಳೆದುಕೊಂಡ.

"ಕ್ಷಮಿಸಿ, ಕೇಳಿಸಲಿಲ್ಲ" ಎಂದಿತು ಯಂತ್ರ. ಅವನು ಮತ್ತೆ ಎಳೆದುಕೊಂಡ. "ಕ್ಷಮಿಸಿ, ಕೇಳಿಸಲಿಲ್ಲ." ಇನ್ನೊಂದು ಸಲ ಎಳೆದುಕೊಳ್ಳುವ ಹೊತ್ತಿಗೆ ಅವನ ಮುಖ ನೀಲಿಯಾಗುತ್ತ ಬಂದಿತ್ತು. ನಗಬೇಕೆಂದರೂ ನನಗೆ ನಗು ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಗೋಡೆಯ ಮೇಲೆ ಮುಂದಿನ ಚಿತ್ರ ಬಿದ್ದಿತ್ತು. ಎಡಗಡೆ 'ಮೊದಲು' ಎಂದು ಬರೆದ ಕೆಳಗೆ ತಲೆಕೂದಲು ಕೆದರಿಕೊಂಡು, ಕಿವಿಗೆ ಫೋನ್ ಒತ್ತಿಕೊಂಡು ಕುರ್ಚಿಯಲ್ಲಿ ಕೂತ ಹೆಂಗಸು. ಬಲಗಡೆ 'ಆಮೇಲೆ' ಎಂದು ಬರೆದ ಕೆಳಗೆ ಅದೇ ಕುರ್ಚಿ, ಹೆಂಗಸು ಇಲ್ಲ. ಅವಳು ಕೂತಿದ್ದ ಜಾಗದಲ್ಲಿ ಒಂದು ಹೂಕುಂಡ.

ನಾನು ಸಿಕ್ಸ್‌ಟೆನ್ ಮುಖ ನೋಡಿದೆ. ಅವನು ತನ್ನ ಕಾಫಿ ನೋಡಿಕೊಂಡ. ತೂವಾ ಕಿಟಕಿ ನೋಡಿದಳು. ನನಗೆ ಅರವತ್ತೊಂದು ವರ್ಷ. ಈ ಊರಿನಲ್ಲಿ ಈ ವಯಸ್ಸಿನ ಹೆಂಗಸಿಗೆ ಇನ್ನೊಂದು ಕೆಲಸ ಯಾರೂ ಕೊಡುವುದಿಲ್ಲ, ಪೆನ್ಷನ್ನು ಇನ್ನೂ ದೂರ. ಅದಿರಲಿ. ಈ ಕುರ್ಚಿ ನನ್ನದು. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದರೆ ನನಗೆ ಗೊತ್ತಿರುವ ಜಾಗ ಇದೊಂದೇ. ಅಲ್ಲಿ ಹೂಕುಂಡ ಇಡುತ್ತಾರಂತೆ. ನನಗೆ ಉರಿದುಹೋಯಿತು. ಆದರೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ನಮ್ಮಲ್ಲಿ ಸಭೆಯಲ್ಲಿ ಯಾರೂ ನನಗೆ ಇದು ಬೇಕು, ಅದು ಬೇಡ ಎಂದು ಹೇಳುವುದಿಲ್ಲ. ಹಾಗೆ ಹೇಳುವುದು ಎಲ್ಲರ ತಟ್ಟೆಯ ಬನ್ನನ್ನು ತಾನೇ ಬಾಚಿಕೊಂಡ ಹಾಗೆ.

ಮುಂದಿನ ವಾರ ಉಮೆಯೋ ಪಟ್ಟಣದಿಂದ ರಗ್ನಾರ್ ಬಂದ. ದಪ್ಪ ಸ್ವೆಟರು, ಮಾತು ಕಡಿಮೆ, ಬನ್ನು ಜಾಸ್ತಿ. ಅವನ ಫೋನಿಗೆ ಕುರ್ಚಿ ಬೇಕು, ಕುರ್ಚಿಯ ಮೇಲೆ ಮನುಷ್ಯ ಬೇಕು. ತಂತಿ ಬದಲಾಗುತ್ತದೆ, ಪೆಟ್ಟಿಗೆ ಬದಲಾಗುತ್ತದೆ, ಎತ್ತುವವರು ಮಾತ್ರ ಎತ್ತುತ್ತಲೇ ಇರುತ್ತಾರೆ. ಹಿಲ್ಡಿಂಗ್ ಹಿಮದಲ್ಲಿ ಸಿಕ್ಕಿಕೊಂಡಿದ್ದರೆ ಆ ವಿಷಯ ಕೂಡ ನನ್ನ ಮುಂದಿನ ಪರದೆಯ ಮೇಲೆ ಕಾಣುತ್ತದೆ. ನಾನು ರಗ್ನಾರನಿಗೆ ಇನ್ನೊಂದು ಬನ್ನು ಹಾಕಿದೆ. ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳಲು ನನಗೆ ಗೊತ್ತಿದ್ದ ದಾರಿ ಅದೊಂದೇ.

ಡಿಸೆಂಬರ್ ಬಂತು. ಕ್ರಿಸ್‌ಮಸ್ಸಿಗೆ ಮುಂಚೆ ತೀರ್ಮಾನ ಆಗಲೇಬೇಕು ಎಂದು ಸಿಕ್ಸ್‌ಟೆನ್ ಎಲ್ಲರನ್ನೂ ಕೂರಿಸಿದ. ಮೇಜಿನ ಸುತ್ತ ಒಬ್ಬೊಬ್ಬರೇ ಮಾತಾಡಬೇಕು, ಮಧ್ಯೆ ಯಾರೂ ಬಾಯಿ ಹಾಕಬಾರದು. ಅದು ನಮ್ಮ ಪದ್ಧತಿ.

"ಎರಡೂ ಚೆನ್ನಾಗೇ ಇದೆ" ಎಂದ ಹಿಲ್ಡಿಂಗ್. ಅವನ ಪಾಳಿ ಮುಗಿಯಿತು.

"ಫಾಬಿಯಾನ್ ತಂದಿದ್ದು ಕೆಲವರಿಗೆ ಹಗುರ ಆಗಬಹುದು ಅನ್ಸತ್ತೆ" ಎಂದಳು ತೂವಾ. "ಹಾಗಂತ ರಗ್ನಾರ್ ತಂದಿದ್ದು ಚೆನ್ನಾಗಿಲ್ಲ ಅಂತಲ್ಲ. ಅದೂ ಒಂಥರಾ ಬೆಚ್ಚಗಿದೆ."

ಕೆಲವರು! ಯಾರು ಆ ಕೆಲವರು? ನನ್ನ ಪಾಳಿ ಬಂತು. ನೇರವಾಗಿ ಹೇಳಿಬಿಡಬೇಕಿತ್ತು. ನನ್ನನ್ನು ತೆಗೆಯಬೇಡಿ ಎಂದರೆ ಎರಡೇ ಪದ. ಅದರ ಬದಲು ನನ್ನ ಬಾಯಿಂದ ಬಂದದ್ದು ಇದು: "ಎಲ್ರಿಗೂ ಒಳ್ಳೇದಾಗೋದೇ ಆಗ್ಲಿ."

ಸಿಕ್ಸ್‌ಟೆನ್ ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಅವನಿಗೆ ದೊಡ್ಡ ಭಾರ ಇಳಿದಂತಾಯಿತು. "ಹಾಗಾದ್ರೆ ಹಾಗೇ ಮಾಡೋಣ" ಎಂದ. ಎಲ್ಲರೂ ಗಾಳಿ ಎಳೆದುಕೊಂಡೆವು. ಮೇಜಿನ ಸುತ್ತ ಹೌದು, ಹೌದು, ಹೌದು ಎಂದು ಸರಸರ ಸದ್ದಾಯಿತು. ಎಲ್ಲರೂ ಎದ್ದು ತಂತಮ್ಮ ಲೋಟ ತೊಳೆದೆವು.

ಹಾಗೇ ಎಂದರೆ ಹೇಗೆ? ಯಾರೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಒಪ್ಪಿಗೆ ಮುರಿದುಬೀಳುತ್ತದೋ ಎಂದು ಎಲ್ಲರಿಗೂ ಭಯ. ನಾನಂತೂ ಬೇಕೆಂದೇ ಕೇಳಲಿಲ್ಲ. ಕೇಳದಿದ್ದರೆ ಹಾಗೇ ಎಂದರೆ ರಗ್ನಾರನೇ ಎಂದಿಟ್ಟುಕೊಳ್ಳಬಹುದು. ಆ ಮಧ್ಯಾಹ್ನವೇ ಅವನಿಗೆ ಫೋನ್ ಮಾಡಿ, ಕಾಗದ ತರಿಸಿ, ಸಿಕ್ಸ್‌ಟೆನ್ ಮುಂದೆ ಇಟ್ಟೆ. ಅವನು ಫೋನಿನಲ್ಲಿ ಯಾರದೋ ಮಾತು ಕೇಳುತ್ತಲೇ ಸಹಿ ಮಾಡಿದ. ನೋಡಿದೆಯಾ ಗುನ್ವರ್, ಎಂದುಕೊಂಡೆ, ಸುಮ್ಮನಿದ್ದರೂ ಕೆಲಸ ಆಗುತ್ತದೆ.

ಜನವರಿಯ ಆ ಮಂಗಳವಾರ ಬೆಳಿಗ್ಗೆ ಮೈನಸ್ ಮೂವತ್ತೆರಡು. ಉಸಿರು ಬಿಟ್ಟರೆ ಮೀಸೆಯ ಮೇಲೆ ಮಂಜುಗಟ್ಟುವ ಚಳಿ, ಹಿಲ್ಡಿಂಗನಿಗೆ ದೊಡ್ಡ ಮೀಸೆ ಬೇರೆ. ರಗ್ನಾರ್ ಪೆಟ್ಟಿಗೆಗಳನ್ನು ಹೊತ್ತು ಒಳಗೆ ಬಂದ. ಅವನು ಬೂಟು ಬಿಚ್ಚುತ್ತಿದ್ದಾಗ ಬಾಗಿಲು ಮತ್ತೆ ತೆರೆಯಿತು. ಫಾಬಿಯಾನ್! ಈ ಸಲ ಒಳ್ಳೆಯ ಬೂಟು ಹಾಕಿಕೊಂಡಿದ್ದ. ಅವನ ಕೈಯಲ್ಲೂ ಪೆಟ್ಟಿಗೆ.

"ಹೊಸ ಫೋನ್ ಹಾಕೋಕೆ ಬಂದೆ" ಎಂದ ಫಾಬಿಯಾನ್.

"ನಾನೂ" ಎಂದ ರಗ್ನಾರ್.

ತೂವಾ ನನ್ನನ್ನು ನೋಡಿದಳು. ನಾನು ತೂವಾಳನ್ನು ನೋಡಿದೆ. ಅವಳಿಗೆ ಹಾಗೇ ಎಂದರೆ ಫಾಬಿಯಾನ್ ಆಗಿತ್ತು, ಅಷ್ಟೇ. ಅವಳೂ ಅದೇ ಮಧ್ಯಾಹ್ನ ಕಾಗದ ತರಿಸಿ ಯಜಮಾನನ ಮುಂದೆ ಇಟ್ಟಿದ್ದಳು. ಇಬ್ಬರೂ ಮಾರಾಟಗಾರರು ಯಜಮಾನನ ಕಡೆ ತಿರುಗಿದರು. ಬೇರೆ ಯಾರಾದರೂ ಆಗಿದ್ದರೆ ಇಬ್ಬರಲ್ಲಿ ಒಬ್ಬನನ್ನು ಆಚೆ ಕಳಿಸುತ್ತಿದ್ದರು. ಸಿಕ್ಸ್‌ಟೆನ್ ಗಡಿಯಾರ ನೋಡಿದ. ಒಂಬತ್ತೂವರೆ.

"ಕಾಫಿ ಹೊತ್ತಾಯ್ತು" ಎಂದ. "ಕೂತ್ಕೊಳ್ಳಿ, ಕೂತ್ಕೊಳ್ಳಿ. ಬನ್ನು ಬೇಕಾದಷ್ಟಿದೆ."

ಕೂತರು! ಇಬ್ಬರೂ ಕೂತರು! ಒಂದೇ ಕೆಲಸಕ್ಕೆ ಬಂದ ಇಬ್ಬರು ಮೊಣಕೈಗೆ ಮೊಣಕೈ ತಾಗಿಸಿಕೊಂಡು ನಮ್ಮ ಬನ್ನು ತಿಂದರು. ರಸ್ತೆಯ ಮೇಲಿನ ಐಸಿನ ಬಗ್ಗೆ ಮಾತಾಡಿದರು. "ನೀನು ಮೊದಲು ಶುರು ಮಾಡು" ಎಂದು ಇವನು ಅವನಿಗೆ, "ಛೆ ಛೆ, ನೀನು ಮಾಡು" ಎಂದು ಅವನು ಇವನಿಗೆ. ಇಬ್ಬರ ಕುತ್ತಿಗೆ ಹಿಡಿದು ಹೊರಗಿನ ಹಿಮದ ರಾಶಿಗೆ ಮುಖ ಒತ್ತಬೇಕು ಅನ್ನಿಸಿತು. ಮೊದಲು ಸಿಕ್ಸ್‌ಟೆನ್ ಮುಖ, ಆಮೇಲೆ ಇವರದು.

ಆಗ ಹಿಲ್ಡಿಂಗ್ ನನ್ನ ಕಡೆ ಬಾಗಿ ಕೇಳಿದ, "ಗುನ್ವರ್, ಹುಷಾರಿಲ್ವೇನೆ?"

"ಯಾಕೆ?"

"ಬೆಳಗಿಂದ ಒಂದು ಸಲಾನೂ ಬೈದಿಲ್ಲ ನೀನು."

ಹೌದಲ್ಲ! ಇಂಥ ಚಳಿಯ ಬೆಳಗು, ಫೋನಿಗೆ ಪುರುಸೊತ್ತೇ ಇರಬಾರದಿತ್ತು. ಎದ್ದು ಹೋಗಿ ರಿಸೀವರ್ ಎತ್ತಿ ಕಿವಿಗಿಟ್ಟೆ. ಒಳಗೆ ಏನೂ ಇಲ್ಲ. ಗುಂಯ್ ಎನ್ನುವ ಸದ್ದೂ ಇಲ್ಲ.

ಇಬ್ಬರು ಮಾರಾಟಗಾರರೂ ತಂತಮ್ಮ ಮೊಬೈಲಿನಲ್ಲಿ ವಿಚಾರಿಸಿದರು. ಇಬ್ಬರೂ ನಮ್ಮ ಹಳೆಯ ನಂಬರನ್ನು ತಮ್ಮ ಕಡೆಗೆ ಕೊಡಿ ಎಂದು ಕೇಳಿದ್ದರು. ಒಂದೇ ನಂಬರನ್ನು ಇಬ್ಬರು ಜಗ್ಗಿದ್ದರಿಂದ, ನೀವಿಬ್ಬರೂ ಇತ್ಯರ್ಥ ಮಾಡಿಕೊಂಡು ಬನ್ನಿ, ಅಲ್ಲಿಯವರೆಗೆ ಯಾರಿಗೂ ಇಲ್ಲ ಎಂದು ಟೆಲಿಫೋನಿನವರು ಅದನ್ನು ಪಕ್ಕಕ್ಕೆ ಇಟ್ಟುಬಿಟ್ಟಿದ್ದರು. ಊರಿನ ಮಕ್ಕಳಿಗೂ ಬಾಯಿಪಾಠ ಇರುವ ನಂಬರು ಅದು.

ಇದನ್ನು ನುಂಗಿಕೊಳ್ಳುವಷ್ಟರಲ್ಲಿ ಹೊರಗೆ ಹಿಮದ ಮೇಲೆ ಕಬ್ಬಿಣ ಜಾರುವ ಸದ್ದಾಯಿತು. ಒಂದು ಕಾಲಿನಿಂದ ಒದೆಯುತ್ತ ಜಾರಿಸಿಕೊಂಡು ಹೋಗುವ ಕುರ್ಚಿಬಂಡಿಯನ್ನು ಬಾಗಿಲಿಗೆ ಒರಗಿಸಿ ಒತ್ತಿಲಿಯಾ ಒಳಗೆ ಬಂದಳು. ಹೊಳೆಯಾಚೆ ಒಬ್ಬಳೇ ಇರುವ ಮುದುಕಿ, ಎಂಬತ್ತು ದಾಟಿದವಳು, ನಮ್ಮ ಹಳೆಯ ಗಿರಾಕಿ. ಈ ಚಳಿಯಲ್ಲಿ ಆ ಬಂಡಿಯ ಮೇಲೆ ಸೇತುವೆ ದಾಟಿ ಬಂದಿದ್ದಳು. ಹುಬ್ಬೆಲ್ಲ ಬೆಳ್ಳಗೆ. ಅವಳು ಯಾರನ್ನೂ ನೋಡಲಿಲ್ಲ, ನೇರ ನನ್ನ ಹತ್ತಿರ ಬಂದು ಕೈಗವಸಿನ ಕೈಯಿಂದ ನನ್ನ ಕೆನ್ನೆ ಮುಟ್ಟಿದಳು.

"ಇದ್ದೀಯಲ್ಲ!" ಎಂದಳು. "ಮಾಡ್ದೆ, ಮಾಡ್ದೆ, ಯಾರೂ ಎತ್ಲಿಲ್ಲ. ಗುನ್ವರ್ ಎತ್ತದೆ ಇರೋಳಲ್ಲ, ಸತ್ತೋಗಿದಾಳೆ ಅಂದ್ಕೊಂಡೆ."

"ನಿನ್ನ ಪಂಪು?"

"ರಾತ್ರಿಯಿಂದ ನಿಂತಿದೆ. ಅದಿರ್ಲಿ, ಪಂಪು ರಿಪೇರಿಯಾಗತ್ತೆ. ನೀನು ಯಾಕೆ ಎತ್ಲಿಲ್ಲ?"

ಹಿಲ್ಡಿಂಗ್ ಆಗಲೇ ಜಾಕೆಟ್ ತೊಟ್ಟಿದ್ದ. ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ಬಂಡಿಯನ್ನು ಹಿಂದೆ ಹಾಕಿಕೊಂಡು ಹೊರಟ. ಬಾಗಿಲು ಮುಚ್ಚಿತು. ರಗ್ನಾರ್ ಇನ್ನೊಂದು ಬನ್ನಿಗೆ ಕೈ ಚಾಚಿದ. ಅಷ್ಟೇ, ನನ್ನ ತಾಳ್ಮೆಯ ತಂತಿಯೂ ಕಿತ್ತುಹೋಯಿತು.

"ಬೇಡ!" ಎಂದೆ. ರಗ್ನಾರ್ ಬನ್ನು ಬಿಟ್ಟ. "ನಿನಗಲ್ಲ, ನೀನು ತಿನ್ನು. ಸಿಕ್ಸ್‌ಟೆನ್, ನಿನಗೆ ಹೇಳ್ತಿದೀನಿ. ನನಗೆ ಆ ಮೆಷಿನ್ ಬೇಡ. ನನ್ನ ಕುರ್ಚಿ ಮೇಲೆ ಹೂಕುಂಡ ಬೇಡ. ನನ್ನ ಕೆಲಸ ತೆಗೀಬೇಕು ಅಂದ್ರೆ ಮುಖ ನೋಡಿ ತೆಗಿ, ಹೀಗೆ ಕಾಫಿ ಕುಡ್ಸಿ ಕುಡ್ಸಿ ಕೊಲ್ಬೇಡ!"

ಈ ಮೇಜಿನ ಸುತ್ತ ಇಷ್ಟು ಜೋರಾಗಿ ಯಾರೂ ಮಾತಾಡಿರಲಿಲ್ಲ. ಸಿಕ್ಸ್‌ಟೆನ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದ.

"ನಿನ್ನ ಕೆಲಸ ತೆಗೆಯೋದಾ? ಯಾರು ಹೇಳಿದ್ದು?"

"ಮತ್ತೆ ಈ ಮೆಷಿನ್ ಯಾಕೆ?"

"ನಿನಗೋಸ್ಕರ!" ಎಂದಳು ತೂವಾ. ಅವಳ ಕಣ್ಣಲ್ಲಿ ನೀರಿತ್ತು. "ನಿನಗೋಸ್ಕರ ಅಲ್ವೇನೆ? ದಿನಾ ಫೋನ್ ಬಂದಾಗೆಲ್ಲ ಬೈತೀಯ. ಹಾಳಾದ್ದು, ದರಿದ್ರ, ಇದಕ್ಕೆ ಬೆಂಕಿ ಬೀಳ. ಈ ಫೋನಿಂದ ನಿನಗೆ ಯಾವಾಗ ಬಿಡುಗಡೆ ಆಗತ್ತೋ ಅಂತ ನಾನು, ಹಿಲ್ಡಿಂಗ್ ಮಾತಾಡ್ಕೋತಿದ್ವಿ."

"ಬಿಡಿಭಾಗದ ಗೋದಾಮು ನಿನಗೆ ವಹಿಸೋಣ ಅಂತಿದ್ದೆ" ಎಂದ ಸಿಕ್ಸ್‌ಟೆನ್. "ಅಲ್ಲಿ ಶಾಂತವಾಗಿರತ್ತೆ, ಯಾರೂ ಕರೆಯಲ್ಲ. ಕಿಟಕಿ ಕೂಡ ಹಾಕಿಸೋಣ ಅಂತಿದ್ದೆ. ಹೇಳಿದ್ರೆ ನಿನಗೆ ಬೇಜಾರಾಗಬಹುದು ಅಂತ ಹೇಳ್ಲಿಲ್ಲ. ನೀನಾಗೇ ಏನಾದ್ರೂ ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ಮತ್ತೆ ರಗ್ನಾರ್ ಕಾಗದಕ್ಕೆ ಯಾಕೆ ಸಹಿ ಹಾಕಿದೆ?"

"ಅವಳೊಂದು ತಂದಳು, ನೀನೊಂದು ತಂದೆ. ಒಂದೇ ಕಾಗದದ ಎರಡು ಪ್ರತಿ ಅಂದ್ಕೊಂಡೆ."

ಮೂರು ತಿಂಗಳು ಈ ಮೇಜಿನ ಸುತ್ತ ಕೂತಿದ್ದೆವು. ಅವರು ನನಗೆ ನೋವಾಗದಿರಲಿ ಎಂದು ಬಾಯಿ ಮುಚ್ಚಿಕೊಂಡಿದ್ದರು. ನಾನು ಅವರು ನನ್ನನ್ನು ಆಚೆ ಹಾಕುತ್ತಿದ್ದಾರೆ ಎಂದು ಹಲ್ಲು ಕಚ್ಚಿಕೊಂಡಿದ್ದೆ. ಇವರ ಒಳ್ಳೆಯತನಕ್ಕೆ ಏನು ಹೇಳಲಿ? ಪಾತ್ರೆ ಎಸೆಯಬೇಕು ಅನ್ನಿಸಿತು, ಅಳು ಕೂಡ ಬಂತು.

"ಬೈಯೋದು ಬೇರೆ, ಬೇಡ ಅನ್ನೋದು ಬೇರೆ ಕಣ್ರೋ" ಎಂದೆ. "ನನ್ನ ಗಂಡನ್ನ ದಿನಾ ಬೈತೀನಿ, ಅವನನ್ನೂ ಗೋದಾಮಿಗೆ ಕಳಿಸ್ತೀರಾ?"

ಸಿಕ್ಸ್‌ಟೆನ್ ತುಟಿ ಚಾಚಿ ಸರ್ರನೆ ಗಾಳಿ ಎಳೆದುಕೊಂಡ.

"ಅದು ಏನಕ್ಕೆ ಹೌದು? ನಾನು ಇಲ್ಲೇ ಇರ್ತೀನಿ ಅನ್ನೋದಕ್ಕಾ, ನನ್ನ ಗಂಡನ್ನ ಕಳಿಸೋದಕ್ಕಾ? ಬಾಯಿ ಬಿಟ್ಟು ಹೇಳು. ಇವತ್ತು ಗಾಳಿ ನಡೆಯಲ್ಲ."

ಅವನು ಎದ್ದು ನಿಂತ. ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ ಕೈ ಕೆಳಗೆ ಬಿಟ್ಟುಕೊಂಡ. "ಗುನ್ವರ್ ಫೋನ್ ಹತ್ರಾನೇ ಇರ್ತಾಳೆ. ನಮಗೆ ರಗ್ನಾರ್ ಫೋನ್ ಬೇಕು. ಫಾಬಿಯಾನ್, ನಿನ್ನದು..." ಅವನ ಹಣೆಯಲ್ಲಿ ಬೆವರು ಬಂದಿತ್ತು. "ನಿನ್ನದು ಬೇಡ."

ನಾವೆಲ್ಲ ಹೆದರಿಕೊಂಡು ಫಾಬಿಯಾನ್ ಕಡೆ ನೋಡಿದೆವು. ಅವನು ಕಾಫಿ ಲೋಟ ಕೆಳಗಿಟ್ಟು ಸಿಕ್ಸ್‌ಟೆನ್ ಕೈ ಹಿಡಿದು ಕುಲುಕಿದ. "ಅಬ್ಬ! ಅಕ್ಟೋಬರಿಂದ ಈ ಊರಲ್ಲಿ ನನಗೆ ಸಿಕ್ಕ ಮೊದಲನೇ ಉತ್ತರ ಇದು" ಎಂದ. ಅಲ್ಲಿಯೇ ನಿಂತು ತನ್ನವರಿಗೆ ಫೋನ್ ಮಾಡಿ ನಮ್ಮ ನಂಬರನ್ನು ಬಿಟ್ಟುಕೊಡಿ ಎಂದು ಹೇಳಿದ. ಹೋಗುವಾಗ ನನ್ನನ್ನು "ನೀನು" ಎಂದು ಕರೆದ. ದಾರಿಗೆ ಇರಲಿ ಎಂದು ಎರಡು ಬನ್ನು ಕಟ್ಟಿಕೊಟ್ಟೆ.

ರಗ್ನಾರ್ ಮಧ್ಯಾಹ್ನದವರೆಗೆ ಮೇಜಿನ ಕೆಳಗೆ ತೂರಿಕೊಂಡು ತಂತಿ ಜೋಡಿಸಿದ. ಇಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನಕ್ಕೇ ಹೊತ್ತು ಮುಳುಗುತ್ತದೆ, ಕಿಟಕಿಯ ಹೊರಗೆ ಆಗಲೇ ಕತ್ತಲಾಗುತ್ತ ಬಂದಿತ್ತು. ಹೊಸ ಫೋನ್ ಕಪ್ಪಗೆ, ಚಪ್ಪಟೆಯಾಗಿ, ಯಾರದೋ ಮನೆಗೆ ಬಂದ ಹೊಸ ಸೊಸೆಯ ಹಾಗೆ ಸುಮ್ಮನೆ ಕೂತಿತ್ತು. ನಾವು ಮೂವರೂ ಅದರ ಸುತ್ತ ನಿಂತಿದ್ದೆವು.

ಅದು ರಿಂಗಾಯಿತು.

"ಹಾಳಾದ್ದು, ಶುರುವಾಯ್ತು" ಎಂದೆ. ತೂವಾ ಗಾಬರಿಯಿಂದ ನನ್ನ ಮುಖ ನೋಡಿದಳು. ಸಿಕ್ಸ್‌ಟೆನ್ ಕೈ ಅಡ್ಡ ಮಾಡಿ, ಏನಿಲ್ಲ, ಅವಳು ಚೆನ್ನಾಗಿದ್ದಾಳೆ ಎಂದು ಸನ್ನೆ ಮಾಡಿದ. ನಾನು ರಿಸೀವರ್ ಎತ್ತಿದೆ.

"ಏನಿಲ್ಲ ಕಣೇ, ನಾನು ಒತ್ತಿಲಿಯಾ" ಎಂದಿತು ಆ ಕಡೆಯ ದನಿ. ಹಿಂದೆ ಹಿಲ್ಡಿಂಗ್ ಏನೋ ಕುಟ್ಟುವ ಸದ್ದು. "ಮನೆ ಬೆಚ್ಚಗಾಗ್ತಾ ಇದೆ. ಅಲ್ಲಿ ಏನೇನೋ ಪೆಟ್ಟಿಗೆ ಇಟ್ಕೊಂಡು ಯಾರ್ಯಾರೋ ಕೂತಿದ್ರಲ್ಲ, ಅದಕ್ಕೇ ಕೇಳೋಣ ಅಂತ ಮಾಡ್ದೆ. ನಾಳೆಯಿಂದ ನೀನೇ ಎತ್ತೋದು ತಾನೇ?"

ಅಭ್ಯಾಸ ಬಲದಿಂದ ತುಟಿ ಮುಂದೆ ಬಂದಿತ್ತು, ಗಾಳಿ ಎಳೆದುಕೊಳ್ಳುವುದರಲ್ಲಿದ್ದೆ. ಸಿಕ್ಸ್‌ಟೆನ್ ನನ್ನನ್ನೇ ನೋಡುತ್ತಿದ್ದ.

"ಹೌದು" ಎಂದೆ ಜೋರಾಗಿ. "ನಾನೇ ಎತ್ತೋದು."